ಎದುರಾಳಿಯ ಊರಿಗೆ ಹೊರಟವರಿಗೆ

ಗೋವಾದ ಫತೋರ್ಡಾ ಸ್ಟೇಡಿಯಂಗೆ ಹೊರಟಿದ್ದೀರಿ ಎಂದು ಗೊತ್ತಾಯಿತು. ಬೆಂಗಳೂರು ಎಫ್‌ಸಿ ಬೇರೆ ಊರಿನಲ್ಲಿ ಆಡುವುದನ್ನು ನೋಡಲು ನಿಮ್ಮಲ್ಲಿ ಹೆಚ್ಚಿನವರು ಹೋಗುತ್ತಿರುವುದು ಇದೇ ಮೊದಲು. ಟಿಕೆಟ್ಟು, ರೂಮು, ಡ್ರಮ್ ಯಾರು ಹೊರಬೇಕು ಎಂಬುದನ್ನೆಲ್ಲ ನೀವೇ ಕೂತು ಮಾತಾಡಿಕೊಂಡಿದ್ದೀರಿ, ಅದರಲ್ಲಿ ನಾನು ತಲೆಹಾಕುವುದಿಲ್ಲ. ಆದರೆ ನಾನು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಐಟಿಐ, ಎಚ್‌ಎಎಲ್ ತಂಡಗಳ ಆಟ ನೋಡುತ್ತ ಬೆಳೆದವನು. ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿದಾಗಿನಿಂದ ಅದರ ಹಿಂದೆ ಊರೂರು ತಿರುಗಿದವನು. ಅವೇ ಮ್ಯಾಚಿಗೆ ಹೊರಟ ಹುಡುಗ ಹುಡುಗಿಯರಿಗೆ ಹೇಳಲೇಬೇಕಾದ ಮಾತು ಕೆಲವಿವೆ.

ಯಾಕೆ ಹೋಗುತ್ತಿದ್ದೀರಿ ಎಂಬುದು ಮೊದಲು ಮನಸ್ಸಿನಲ್ಲಿ ಸ್ಪಷ್ಟವಾಗಿರಲಿ. ಆಟ ಚೆನ್ನಾಗಿ ಕಾಣುವುದು ಟಿವಿಯಲ್ಲಿಯೇ. ಅವೇ ಸ್ಟ್ಯಾಂಡನ್ನು ಸಾಮಾನ್ಯವಾಗಿ ಒಂದು ಮೂಲೆಗೆ ಹಾಕಿರುತ್ತಾರೆ. ಆಚೆ ಬದಿಯ ಗೋಲಿನ ಮುಂದೆ ನಡೆದದ್ದು ಆಫ್‌ಸೈಡೋ ಫೌಲೋ ತಿಳಿಯದೆ ಪಕ್ಕದವನ ಮುಖ ನೋಡಬೇಕಾಗುತ್ತದೆ. ನೀವು ಅಷ್ಟು ದೂರ ಹೋಗುವುದು ನಮ್ಮ ಆಟಗಾರರ ಕಿವಿಗೆ ನಿಮ್ಮ ದನಿ ಬೀಳಲಿ ಎಂದು. ಹತ್ತಾರು ಸಾವಿರ ಜನ ಕೂಗುತ್ತಿರುವಾಗ ನಿಮ್ಮ ನೂರಿನ್ನೂರು ಗಂಟಲು ಎಲ್ಲಿ ಕೇಳಿಸೀತು ಎಂದುಕೊಳ್ಳಬೇಡಿ, ಕೇಳಿಸುತ್ತದೆ. ಅವರ ಸ್ಟ್ರೈಕರ್ ಒಂದು ಒಳ್ಳೆಯ ಅವಕಾಶ ಕಳೆದುಕೊಳ್ಳುತ್ತಾನೆ, ಇಡೀ ಸ್ಟೇಡಿಯಂ ಅಯ್ಯೋ ಎಂದು ತಲೆ ಮೇಲೆ ಕೈಯಿಟ್ಟು ಕೂರುತ್ತದೆ. ಆ ನಾಲ್ಕೈದು ಕ್ಷಣ ಮೈದಾನದಲ್ಲಿ ನಿಮ್ಮದೊಂದೇ ದನಿ. ಗೋಲ್ ಕಿಕ್‌ಗೆ ಚೆಂಡು ಇಡುತ್ತಿರುವ ನಮ್ಮ ಗೋಲ್‌ಕೀಪರ್ ಒಮ್ಮೆ ಗ್ಲೌಸ್ ಎತ್ತಿ ನಿಮ್ಮತ್ತ ತೋರಿಸುತ್ತಾನೆ. ಅದನ್ನು ಹತ್ತಿರದಿಂದ ನೋಡಿದವರಿಗೆ ರೈಲಿನಲ್ಲಿ ನಿದ್ದೆಗೆಟ್ಟದ್ದು ಲೆಕ್ಕಕ್ಕೇ ಬರುವುದಿಲ್ಲ.

ನಿಮ್ಮ ಕೆಲಸ ನಿಜಕ್ಕೂ ಶುರುವಾಗುವುದು ತಂಡ ಹಿಂದೆ ಬಿದ್ದಾಗ. 2025ರ ಏಪ್ರಿಲ್ 6ರ ಐಎಸ್‌ಎಲ್ ಸೆಮಿಫೈನಲ್ ಇದೇ ಫತೋರ್ಡಾದಲ್ಲಿ ನಡೆದದ್ದು. ನಮ್ಮೂರ ಕಂಠೀರವದಲ್ಲಿ ಮೊದಲ ಲೆಗ್ ಅನ್ನು ನಾವು 2–0 ಗೆದ್ದು ಹೋಗಿದ್ದೆವು. ಫತೋರ್ಡಾದಲ್ಲಿ ಎಫ್‌ಸಿ ಗೋವಾ ಒಂದು ಗೋಲು ಹೊಡೆಯಿತು, 88ನೇ ನಿಮಿಷದಲ್ಲಿ ಇನ್ನೊಂದು ಹೊಡೆದು ಲೆಕ್ಕ ಸರಿ ಮಾಡಿತು. ಸ್ಟೇಡಿಯಂ ಹುಚ್ಚೆದ್ದು ಕುಣಿಯುತ್ತಿತ್ತು. ನಮ್ಮ ಕಡೆ ಕೆಲವರು ಕುರ್ಚಿಗೆ ಕುಸಿದಿದ್ದರು, ಕೆಲವರು ಕಣ್ಣು ಮುಚ್ಚಿ ನಿಂತಿದ್ದರು. ಆಗ ಕೂಗು ನಿಲ್ಲಿಸದವರು ಇದ್ದರಲ್ಲ, ನೀವು ಅವರ ಸಾಲಿಗೆ ಸೇರಬೇಕು. ತೊಂಬತ್ತು ನಿಮಿಷ ಮುಗಿದು ಸೇರಿಸಿದ ಸಮಯದ ಎರಡನೇ ನಿಮಿಷದಲ್ಲಿ ಬಲಗಡೆಯಿಂದ ಬಂದ ಕ್ರಾಸ್‌ಗೆ ನಲವತ್ತರ ಸುನಿಲ್ ಚೆಟ್ರಿ ತಲೆ ಕೊಟ್ಟರು. ಮ್ಯಾಚ್ 2–1ರಲ್ಲಿ ಸೋತೆವು, ಒಟ್ಟು ಲೆಕ್ಕದಲ್ಲಿ 3–2ರಿಂದ ಫೈನಲ್ ಸೇರಿದೆವು.

ಇನ್ನೊಂದು ಸಂಗತಿ ನಿಮಗೆ ಗೊತ್ತಿರಬೇಕು. ನಮ್ಮೂರ ಫುಟ್‌ಬಾಲಿನ ದೊಡ್ಡ ಗೆಲುವುಗಳು ಬಹುತೇಕ ಊರಾಚೆಯೇ ಆಗಿವೆ. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ರೋವರ್ಸ್ ಕಪ್ ಎತ್ತಿದ್ದು ಬಾಂಬೆಯಲ್ಲಿ. ಬೆಂಗಳೂರು ಎಫ್‌ಸಿ ತನ್ನ ಮೊದಲ ವರ್ಷವೇ ಐ-ಲೀಗ್ ಖಚಿತ ಮಾಡಿಕೊಂಡದ್ದು 2014ರ ಏಪ್ರಿಲ್ 21ರಂದು, ಫತೋರ್ಡಾದಲ್ಲಿ ಡೆಂಪೊ ತಂಡವನ್ನು 4–2ರಿಂದ ಸೋಲಿಸಿ. 2017ರ ಫೆಡರೇಷನ್ ಕಪ್ ಸಿಕ್ಕಿದ್ದು ಕಟಕ್‌ನಲ್ಲಿ, 2019ರ ಐಎಸ್‌ಎಲ್ ಮುಂಬೈಯಲ್ಲಿ, 2022ರ ಡುರಾಂಡ್ ಕಪ್ ಕೋಲ್ಕತ್ತದಲ್ಲಿ. ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದದ್ದಂತೂ 2023ರಲ್ಲಿ ದೂರದ ರಿಯಾದ್‌ನಲ್ಲಿ. ಎದೆ ಒಡೆದ ಗಳಿಗೆಗಳೇ ಕಂಠೀರವದ ಪಾಲಿಗೆ ಹೆಚ್ಚು ಬಂದವು: 2015ರ ಐ-ಲೀಗಿನ ಕೊನೆಯ ಮ್ಯಾಚ್, 2018ರ ಐಎಸ್‌ಎಲ್ ಫೈನಲ್. ಊರು ಬಿಟ್ಟು ಹೋಗುವವರಿಗಷ್ಟೇ ಕಾಣುವ ಸಂತೋಷವೊಂದಿದೆ ಎಂದು ನಾನು ನಂಬುವುದು ಇದಕ್ಕೇ.

ಬರಿಯ ಸಂತೋಷಕ್ಕಲ್ಲ, ನಿಮ್ಮ ಅಗತ್ಯವೂ ಇದೆ. 2018ರ ಜೂನ್‌ನಲ್ಲಿ ಮುಂಬೈಯಲ್ಲಿ ಭಾರತ ಚೈನೀಸ್ ತೈಪೆಯನ್ನು 5–0 ಸೋಲಿಸಿತು, ಚೆಟ್ರಿ ಹ್ಯಾಟ್ರಿಕ್ ಹೊಡೆದರು, ನೋಡಲು ಇದ್ದವರು ಎರಡೂವರೆ ಸಾವಿರದಷ್ಟು ಜನ. ಮರುದಿನ ಅವರು ವಿಡಿಯೊದಲ್ಲಿ ಬಂದು, ಬೈಯುವುದಿದ್ದರೂ ಸ್ಟೇಡಿಯಂಗೇ ಬಂದು ಬೈಯಿರಿ ಎಂದು ಕೇಳಿಕೊಂಡರು. ಕೀನ್ಯಾ ವಿರುದ್ಧದ ಮುಂದಿನ ಮ್ಯಾಚಿಗೆ ಸ್ಟೇಡಿಯಂ ತುಂಬಿತು. ಆಮೇಲೆ ಕೋವಿಡ್ ಕಾಲ ಬಂತು, ಐಎಸ್‌ಎಲ್ ಗೋವಾದ ಮೂರು ಮೈದಾನಗಳಲ್ಲಿ ಬಾಗಿಲು ಮುಚ್ಚಿಕೊಂಡು ನಡೆಯಿತು. ಕೋಚ್ ಕೂಗುವುದು, ಬೂಟು ಚೆಂಡಿಗೆ ತಗಲುವುದು ಟಿವಿಯಲ್ಲಿ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಆ ಆಟ ನೋಡಿ ನನಗೆ ಮಂಕು ಕವಿಯುತ್ತಿತ್ತು.

ಇನ್ನು ಪ್ರಯಾಣ. ಇದರಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು, ಬೇಜಾರು ಮಾಡಿಕೊಳ್ಳಬೇಡಿ. ಬೈಕಿನಲ್ಲಿ ಹೋಗಬೇಡಿ. 2022ರ ಮಾರ್ಚ್‌ನಲ್ಲಿ ಐಎಸ್‌ಎಲ್ ಫೈನಲ್ ಫತೋರ್ಡಾದಲ್ಲಿತ್ತು, ಕೇರಳ ಬ್ಲಾಸ್ಟರ್ಸ್ ಆಡುತ್ತಿತ್ತು. ಎರಡು ವರ್ಷ ಸ್ಟೇಡಿಯಂ ಬಾಗಿಲು ಮುಚ್ಚಿದ್ದರಿಂದ ಮಲಯಾಳಿ ಹುಡುಗರು ಬಸ್ಸು, ಕಾರು, ಬೈಕು ಎಂದು ಸಿಕ್ಕಿದ್ದರಲ್ಲಿ ಹೊರಟರು. ಮಲಪ್ಪುರದಿಂದ ಬೈಕಿನಲ್ಲಿ ಬರುತ್ತಿದ್ದ ಇಬ್ಬರು ಕಾಸರಗೋಡಿನ ಬಳಿ ಅಪಘಾತದಲ್ಲಿ ತೀರಿಕೊಂಡರು. ಅವರು ಎದುರಾಳಿ ತಂಡದವರು ನಿಜ, ಆದರೆ ನಿಮ್ಮ ವಯಸ್ಸಿನ ಮಕ್ಕಳು, ನಿಮ್ಮ ಹಾಗೆಯೇ ಜರ್ಸಿ ತೊಟ್ಟು ಮನೆಯಲ್ಲಿ ಹೇಳಿ ಹೊರಟವರು. ಆ ಸುದ್ದಿ ಇವತ್ತಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ.

ಟೆಂಪೊ ಟ್ರಾವೆಲರ್ ಮಾಡಿಕೊಂಡು ಹೋಗುವುದಾದರೆ ಡ್ರೈವರಿಗೆ ಮಲಗಲು ಜಾಗ, ಹೊತ್ತು ಎರಡೂ ಕೊಡಿ. ನೀವು ಸ್ಟೇಡಿಯಂನಲ್ಲಿ ಕುಣಿಯುತ್ತಿರುವಾಗ ಅವರು ಪಾರ್ಕಿಂಗಿನಲ್ಲಿ ಸೊಳ್ಳೆ ಹೊಡೆಯುತ್ತ ಕೂತಿರುತ್ತಾರೆ. ಮ್ಯಾಚ್ ಮುಗಿದದ್ದೇ ಗಾಡಿ ಹತ್ತಿಸಿ, ಬೆಳಿಗ್ಗೆ ಆಫೀಸಿಗೆ ಮುಟ್ಟಬೇಕೆಂದು ಘಾಟಿಯ ತಿರುವುಗಳಲ್ಲಿ ಅವಸರ ಮಾಡಿಸಿದರೆ ಒಬ್ಬರ ನಿದ್ದೆಗಣ್ಣಿನ ಮೇಲೆ ಎಲ್ಲರ ಜೀವ ನಿಂತಿರುತ್ತದೆ. ಒಂದು ದಿನ ರಜೆ ಹಾಕಿ. ರಜೆ ಸಿಗದಿದ್ದರೆ ಆ ಮ್ಯಾಚ್ ಬಿಡಿ, ಸೀಸನ್ನಿನಲ್ಲಿ ಇನ್ನೂ ಇವೆ.

ನನ್ನ ಮಾತು ಕೇಳುವುದಾದರೆ ರೈಲೇ ಸರಿ. ಯಶವಂತಪುರದಿಂದ ವಾಸ್ಕೊ ರೈಲು ಹಿಡಿದು, ಅರಸೀಕೆರೆ, ದಾವಣಗೆರೆ, ಹುಬ್ಬಳ್ಳಿ ದಾಟಿ, ಲೋಂಡಾದ ಮೇಲೆ ಘಾಟಿ ಇಳಿದರೆ ಮಡಗಾಂವ್. ಅಲ್ಲಿಂದ ಸ್ಟೇಡಿಯಂ ಹತ್ತಿರವೇ. ವೇಳಾಪಟ್ಟಿ ಬಂದ ದಿನವೇ ಟಿಕೆಟ್ ಬುಕ್ ಮಾಡಿ. ತತ್ಕಾಲ್ ಮೇಲೆ ಗುಂಪು ಕಟ್ಟಿಕೊಂಡು ಹೋಗಲು ಆಗುವುದಿಲ್ಲ, ಇಬ್ಬರಿಗೆ ಸಿಕ್ಕಿ ಆರು ಜನ ವೇಟಿಂಗ್ ಲಿಸ್ಟಿನಲ್ಲಿ ಉಳಿದರೆ ಮನಸ್ತಾಪ. ಬೋಗಿಯಲ್ಲಿ ರಾತ್ರಿ ಹತ್ತರ ಮೇಲೆ ಡ್ರಮ್ ಬಾರಿಸಬೇಡಿ. ಕೆಳಗಿನ ಬರ್ತಿನ ಅಜ್ಜಿಗೆ ನಿಮ್ಮ ಲೀಗ್ ಟೇಬಲ್ ಬೇಕಿಲ್ಲ, ನಿದ್ದೆ ಬೇಕು. ಹಿಂದಿರುಗುವ ಟಿಕೆಟನ್ನು ಮರುದಿನಕ್ಕೇ ಮಾಡಿಸಿ. ಸಂಜೆ ಏಳೂವರೆಗೆ ಶುರುವಾಗುವ ಆಟ ಒಂಬತ್ತೂವರೆ ತನಕ ಎಳೆಯುತ್ತದೆ, ನಾಕೌಟ್ ಆದರೆ ಇನ್ನೂ ತಡ. 2019ರ ಮಾರ್ಚ್ 17ರಂದು ಮುಂಬೈಯ ಫೈನಲ್‌ನಲ್ಲಿ ಇದೇ ಗೋವಾ ವಿರುದ್ಧ ರಾಹುಲ್ ಭೇಕೆ ಕಾರ್ನರ್‌ಗೆ ಹೆಡ್ ಮಾಡಿ ಕಪ್ ಗೆದ್ದು ಕೊಟ್ಟದ್ದು 117ನೇ ನಿಮಿಷದಲ್ಲಿ. ರೈಲು ತಪ್ಪೀತು ಎಂದು ಹತ್ತು ನಿಮಿಷ ಮೊದಲು ಎದ್ದು ಹೋಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ಗೋವಾದಲ್ಲಿ ರಾತ್ರಿ ಬಸ್ಸು ಸಿಗುವುದು ಕಷ್ಟ, ಬೆಂಗಳೂರಿನ ಹಾಗೆ ಓಲಾ ಊಬರ್ ನಂಬಿ ಹೋಗುವಂತಿಲ್ಲ. ರೂಮನ್ನು ಬೀಚಿನ ಆಸೆಗೆ ದೂರದಲ್ಲಿ ಹಿಡಿಯಬೇಡಿ, ಮಡಗಾಂವ್‌ನಲ್ಲೇ ಹಿಡಿಯಿರಿ.

ಕುಡಿತದ ವಿಷಯ ನಿಮ್ಮ ಮನೆಯವರು ಹೇಳಲು ಹಿಂಜರಿಯಬಹುದು, ನಾನು ಹೇಳುತ್ತೇನೆ. ಗೋವಾದಲ್ಲಿ ಹೆಂಡ ಅಗ್ಗ, ಮಧ್ಯಾಹ್ನವೇ ಶುರು ಮಾಡಿಕೊಳ್ಳುವವರನ್ನು ನೋಡಿದ್ದೇನೆ. ಬಾಯಿ ವಾಸನೆ ಬಂದರೆ ಗೇಟಿನಲ್ಲೇ ತಡೆಯುತ್ತಾರೆ. ಒಳಗೆ ಹೋದರೂ ಒಬ್ಬ ಕುಡಿದವನಿಂದ ನೂರು ಜನರ ಕೂಗು ಜಗಳವಾಗಿ ಮುಗಿಯುತ್ತದೆ. ಬೀಗರ ಊರಿಗೆ ಹೋದ ದಿಬ್ಬಣದಲ್ಲಿ ಒಬ್ಬ ತೂರಾಡಿದರೆ ಹೆಸರು ಕೆಡುವುದು ಇಡೀ ಮನೆತನದ್ದು.

ಗೇಟಿನ ವಿಷಯಕ್ಕೆ ಬಂದೆನಲ್ಲ, ಪವರ್ ಬ್ಯಾಂಕು, ನೀರಿನ ಬಾಟಲಿ, ಲೈಟರು, ಹೆಲ್ಮೆಟ್ಟು ರೂಮಿನಲ್ಲೇ ಇರಲಿ. ಚಿಲ್ಲರೆ ನಾಣ್ಯವನ್ನೂ ಎಷ್ಟೋ ಕಡೆ ಬಿಡುವುದಿಲ್ಲ, ಆಟೊಗೆ ಹತ್ತು ಇಪ್ಪತ್ತರ ನೋಟು ಇಟ್ಟುಕೊಳ್ಳಿ. ಬಾವುಟಕ್ಕೆ ಬಿದಿರು ಕೋಲು ತಂದರೆ ಕಿತ್ತುಕೊಳ್ಳುತ್ತಾರೆ. ತೆಳು ಪಿವಿಸಿ ಪೈಪಿಗೂ, ಡ್ರಮ್ಮಿಗೂ, ಬ್ಯಾನರಿಗೂ ಆತಿಥೇಯ ಕ್ಲಬ್ಬಿನಿಂದ ಮೊದಲೇ ಒಪ್ಪಿಗೆ ಪಡೆದು, ಆ ಮೇಲ್‌ನ ಪ್ರಿಂಟ್ ಕೈಯಲ್ಲಿರಲಿ. ಗೇಟಿನಲ್ಲಿರುವ ಪೇದೆಗೆ ನಿಮ್ಮ ವಾಟ್ಸ್‌ಆ್ಯಪ್ ತೋರಿಸಿ ವಾದ ಮಾಡಿದರೆ ಮೊದಲಾರ್ಧ ಹೊರಗೇ ಕಳೆಯುತ್ತದೆ.

ಒಂದು ಗಂಟೆ ಮೊದಲೇ ಒಳಗಿರಿ. ಗೇಟು ಮುಚ್ಚಿದ್ದರೆ ತಳ್ಳಬೇಡಿ, ಹಿಂದಿನಿಂದ ತಳ್ಳುವವರಿದ್ದರೆ ಪಕ್ಕಕ್ಕೆ ಸರಿದು ಗುಂಪಿನಿಂದ ಹೊರಬನ್ನಿ, ಮ್ಯಾಚ್ ಹೋದರೂ ಪರವಾಗಿಲ್ಲ. 2025ರ ಜೂನ್ 4ರಂದು ನಮ್ಮ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತದ್ದನ್ನು ಬೆಂಗಳೂರಿನವರಿಗೆ ನೆನಪು ಮಾಡಬೇಕಿಲ್ಲ. ಹೊರಗಿನಿಂದ ಬಂದವರಿಗೆ ಇದರಲ್ಲಿ ಇನ್ನೊಂದು ಕಷ್ಟವಿದೆ. 1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ, ಹಿಲ್ಸ್‌ಬರೊ ಮೈದಾನದಲ್ಲಿ ಎಫ್‌ಎ ಕಪ್ ಸೆಮಿಫೈನಲ್ ನೋಡಲು ಲಿವರ್‌ಪೂಲ್ ಅಭಿಮಾನಿಗಳು ಬಂದಿದ್ದರು. ಕಂಬಿಬೇಲಿಯ ಹಿಂದೆ ಜನ ಒತ್ತರಿಸಿ ಉಸಿರುಗಟ್ಟಿತು, ಆ ದುರಂತಕ್ಕೆ ಬಲಿಯಾದವರು ಒಟ್ಟು 97. ಕುಡಿದು ಬಂದವರು ಗೇಟು ನುಗ್ಗಿದರು ಎಂದು ಪೊಲೀಸರು ಕಥೆ ಕಟ್ಟಿದರು, ಪತ್ರಿಕೆಯಲ್ಲಿ ಅಚ್ಚೂ ಆಯಿತು. ಅಭಿಮಾನಿಗಳ ತಪ್ಪೇನೂ ಇರಲಿಲ್ಲ ಎಂದು ಜ್ಯೂರಿ ಹೇಳುವ ಹೊತ್ತಿಗೆ 27 ವರ್ಷ ಕಳೆದು 2016 ಬಂದಿತ್ತು. ಪರವೂರಿನವರ ಮೇಲೆ ತಪ್ಪು ಹೊರಿಸುವುದು ಎಲ್ಲ ಕಾಲಕ್ಕೂ ಸುಲಭ. ಅದಕ್ಕೇ ನಿಮ್ಮ ಗುಂಪಿನಲ್ಲಿ ಒಬ್ಬರು ಪೊಲೀಸರೊಡನೆ ಮಾತಾಡುವವರು ಎಂದು ಮೊದಲೇ ಗೊತ್ತು ಮಾಡಿ, ಎಲ್ಲರೂ ಒಟ್ಟಿಗೆ ಬಾಯಿ ಹಾಕಬೇಡಿ. ಆಟ ಮುಗಿದ ಮೇಲೆ ಆತಿಥೇಯರ ಜನ ಚದುರುವ ತನಕ ನಿಮ್ಮನ್ನು ಒಳಗೇ ನಿಲ್ಲಿಸಬಹುದು. ಅದು ನಿಮ್ಮ ಒಳ್ಳೆಯದಕ್ಕೆ. ಹೊರಗೆ ಬರುವಾಗ ಜರ್ಸಿ ಮೇಲೊಂದು ಸಾದಾ ಅಂಗಿ ಹಾಕಿಕೊಳ್ಳುವುದರಲ್ಲಿ ಯಾವ ಅವಮಾನವೂ ಇಲ್ಲ.

ಗುಂಪಿನ ಹೆಣ್ಣುಮಕ್ಕಳಿಗೆ ಶೌಚಾಲಯ ಎಲ್ಲಿದೆ ಎಂದು ಒಳಗೆ ಹೋದ ಕೂಡಲೇ ನೋಡಿಕೊಂಡು ಬನ್ನಿ. ಸರಿಯಿಲ್ಲದಿದ್ದರೆ ಕ್ಲಬ್ಬಿಗೆ ಬರೆಯಿರಿ, ಗೊಣಗಿ ಸುಮ್ಮನಾಗಬೇಡಿ. ಅಭಿಮಾನಿಗಳು ಒಟ್ಟಾಗಿ ಕೇಳಿದ್ದರಿಂದಲೇ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ 2016ರಿಂದ ಅವೇ ಟಿಕೆಟ್ಟಿನ ಬೆಲೆ 30 ಪೌಂಡ್ ಮೀರಬಾರದು ಎಂದು ನಿಯಮ ಮಾಡಿತು. ಕೇಳದೆ ನಮಗೂ ಏನೂ ಸಿಗುವುದಿಲ್ಲ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವಾದ ಮಾತು. ಗೋವಾದ ತಂಡವನ್ನು ಎಷ್ಟು ಬೇಕಾದರೂ ಛೇಡಿಸಿ, ಅವರ ಡಿಫೆಂಡರ್ ತಪ್ಪಿದರೆ ಕುಣಿಯಿರಿ, ರೆಫರಿಯನ್ನು ಕೂಗಿ ಕೇಳಿ. ಮಹದಾಯಿಯನ್ನು ಮಾತ್ರ ಸ್ಟ್ಯಾಂಡಿಗೆ ತರಬೇಡಿ. ಚೆನ್ನೈಗೆ ಹೋದಾಗ ಕಾವೇರಿಯನ್ನೂ ತರಬೇಡಿ. ನೀರಿನ ಜಗಳ ಟ್ರಿಬ್ಯೂನಲ್, ಕೋರ್ಟು ಎಂದು ದಶಕಗಟ್ಟಲೆ ನಡೆದಿದೆ, ಅದು ನಿಮ್ಮ ಒಂದು ಚಾಂಟಿನಿಂದ ತೀರುವುದಲ್ಲ. ಆ ಒಂದು ಚಾಂಟಿನಿಂದ ಯಾರಿಗೆ ಪೆಟ್ಟು ಬೀಳುತ್ತದೆ ಗೊತ್ತೇ? ವಾಸ್ಕೊ, ಬೈನಾ, ಜುವಾರಿನಗರದಲ್ಲಿ ನಮ್ಮ ಉತ್ತರ ಕರ್ನಾಟಕದ ಎಷ್ಟೋ ಕುಟುಂಬಗಳು ತಲೆಮಾರಿನಿಂದ ದುಡಿದು ಬದುಕುತ್ತಿವೆ. ಗಾರೆ ಕೆಲಸ, ಮೀನಿನ ಬಂದರು, ಮನೆಗೆಲಸ, ತರಕಾರಿ ಗಾಡಿ. ಅವರ ಮಕ್ಕಳಲ್ಲಿ ಕೊಂಕಣಿ ಕನ್ನಡ ಎರಡೂ ಆಡುವವರಿದ್ದಾರೆ. ನೀವು ಮರುದಿನ ರೈಲು ಹತ್ತಿ ಬಂದುಬಿಡುತ್ತೀರಿ, ಅವರು ಅಲ್ಲಿಯೇ ಇರಬೇಕು. ನೀವು ಕನ್ನಡದಲ್ಲಿ ಬೈದು ಬಂದ ಬೈಗುಳಕ್ಕೆ ಬೆಳಿಗ್ಗೆ ಕೆಲಸದ ಜಾಗದಲ್ಲಿ ಉತ್ತರ ಹೇಳಬೇಕಾದವರು ಅವರು.

ಅವರಲ್ಲಿ ಯಾರಾದರೂ ಕನ್ನಡ ಕೇಳಿ ನಿಮ್ಮ ಸ್ಟ್ಯಾಂಡಿನತ್ತ ಬಂದರೆ ಜಾಗ ಮಾಡಿಕೊಡಿ, ಒಂದು ಸ್ಕಾರ್ಫ್ ಕೊಡಿ. ಕಾರವಾರ, ಬೆಳಗಾವಿಯಿಂದಲೂ ಹುಡುಗರು ಬಂದಾರು. ಅವರಿಗೆ ಕಂಠೀರವಕ್ಕಿಂತ ಫತೋರ್ಡಾ ಹತ್ತಿರ. ಬೆಂಗಳೂರಿನ ತಂಡವನ್ನು ಮೈದಾನದಲ್ಲಿ ನೋಡಲು ಅವರಿಗಿರುವ ಅವಕಾಶ ಈ ಅವೇ ಮ್ಯಾಚ್. ಕಂಠೀರವದಲ್ಲಿ ನಮ್ಮವರು ನಿಂತು ಕೂಗುವ ವೆಸ್ಟ್ ಬ್ಲಾಕ್‌ನ ಹಾಡುಗಳೆಲ್ಲ ಅವರಿಗೆ ಬಾಯಿಪಾಠ ಇರುವುದಿಲ್ಲ, ಮುಖ ಸಿಂಡರಿಸದೆ ಹೇಳಿಕೊಡಿ.

ಹೆಂಗಸರ ಮೇಲೆ, ಬಣ್ಣದ ಮೇಲೆ, ಭಾಷೆಯ ಮೇಲೆ ಕೂಗುವವನು ನಿಮ್ಮ ಗುಂಪಿನಲ್ಲೇ ಇದ್ದರೆ ಕೂಗು ಹೇಳಿಕೊಡುವ ಕಾಪೊ ಆಗಿ ಮುಂದೆ ನಿಂತವರು ಅಲ್ಲೇ ನಿಲ್ಲಿಸಬೇಕು. ನಮ್ಮ ಸ್ವಂತ ತಂಡವನ್ನು ನೋಡಿ, ಮಿಜೋರಾಂ, ಮಣಿಪುರ, ಪಂಜಾಬ್, ಕೇರಳದ ಹುಡುಗರಿಂದಲೇ ಕಟ್ಟಿ ಬೆಳೆದದ್ದು. ಕಟಕ್‌ನ ಫೆಡರೇಷನ್ ಕಪ್ ಫೈನಲ್‌ನಲ್ಲಿ ಮೋಹನ್ ಬಾಗಾನ್ ವಿರುದ್ಧ ಎರಡೂ ಗೋಲು ಹೊಡೆದ ಸಿ.ಕೆ. ವಿನೀತ್ ಕಣ್ಣೂರಿನವರು, ಅದರ ಮುಂದಿನ ಸೀಸನ್ನಿಗೇ ಬ್ಲಾಸ್ಟರ್ಸ್ ಹಳದಿ ತೊಟ್ಟು ನಮ್ಮೆದುರು ನಿಂತರು. ಅವರ ಊರನ್ನು ಬೈದರೆ ಆ ಎರಡು ಗೋಲನ್ನೂ ಬೈದ ಹಾಗೆ.

ಕೇರಳದ ಜೊತೆಗಿನ ನಮ್ಮ ಜಿದ್ದು ದೊಡ್ಡದು, ಗೊತ್ತಿದೆ. 2023ರ ಮಾರ್ಚ್ 3ರಂದು ಕಂಠೀರವದಲ್ಲಿ ಚೆಟ್ರಿ ಬೇಗನೆ ಹೊಡೆದ ಫ್ರೀಕಿಕ್ ಗೋಲೆಂದು ರೆಫರಿ ಒಪ್ಪಿದ್ದಕ್ಕೆ ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟು ನಡೆಯಿತು. ಫೆಡರೇಷನ್ ಅವರಿಗೆ 4 ಕೋಟಿ ರೂಪಾಯಿ ದಂಡ ಹಾಕಿತು. ಮುಂದಿನ ಸೀಸನ್ನಿನ ಮೊದಲ ಮ್ಯಾಚೇ ಕೊಚ್ಚಿಯಲ್ಲಿ ನಮಗೂ ಅವರಿಗೂ, 2–1ರಿಂದ ಸೋತು ಬಂದೆವು. ಅಂಥ ರಾತ್ರಿಯಲ್ಲೂ ಅವರ ಕಡೆಯ ಹಿರಿಯರೊಬ್ಬರು ನಮಗೆ ಹೊರದಾರಿ ತೋರಿಸಿ, ಊಟ ಆಯಿತೇ ಎಂದು ಕೇಳಿದ್ದರು. ಜಿದ್ದು ಮೈದಾನದ ಗೆರೆಯೊಳಗೆ ಇದ್ದರೆ ಚಂದ. ಅರ್ಜೆಂಟೀನಾದಲ್ಲಿ ಅದು ಗೆರೆ ದಾಟಿ, 2013ರಲ್ಲಿ ಒಬ್ಬ ಅಭಿಮಾನಿಯ ಜೀವ ಹೋದ ಮೇಲೆ, ಲೀಗ್ ಮ್ಯಾಚುಗಳಿಗೆ ಅವೇ ಅಭಿಮಾನಿಗಳು ಬರುವುದನ್ನೇ ನಿಷೇಧಿಸಿದರು. ಫುಟ್‌ಬಾಲನ್ನೇ ಉಸಿರಾಡುವ ದೇಶದಲ್ಲಿ ವರ್ಷಗಟ್ಟಲೆ ಎದುರಾಳಿಯ ಸ್ಟ್ಯಾಂಡು ಖಾಲಿ ಬಿತ್ತು. ನಮಗೆ ಆ ಗತಿ ಬಾರದಿರಲಿ.

ಸೋತರೆ ಬೇಗ ಜಾಗ ಖಾಲಿ ಮಾಡಬೇಡಿ. ಆಟಗಾರರು ನಿಮ್ಮ ಮುಂದೆ ಬಂದು ನಿಲ್ಲುವ ತನಕ ಇರಿ. ತಲೆ ತಗ್ಗಿಸಿ ಬರುವ ಇಪ್ಪತ್ತರ ಹುಡುಗನಿಗೆ ಆಗ ಬೇಕಾಗಿರುವುದು ಚಪ್ಪಾಳೆ, ಟೀಕೆಯನ್ನು ನಾಳೆ ಮಾಡಿ. ಆಮೇಲೆ ಕುರ್ಚಿ ಕೆಳಗಿನ ಕಪ್ಪು, ಕಾಗದ, ಹರಿದ ಬಲೂನು ಆರಿಸಿ ಚೀಲಕ್ಕೆ ಹಾಕಿ. ಜಪಾನಿನ ಅಭಿಮಾನಿಗಳು ವಿಶ್ವಕಪ್‌ಗಳಲ್ಲಿ ಗೆಲ್ಲಲಿ ಸೋಲಲಿ ಇದನ್ನು ಮಾಡುತ್ತಲೇ ಬಂದಿದ್ದಾರೆ, ಕತಾರಿನಲ್ಲಿ ತಮ್ಮ ತಂಡ ಆಡದ ಉದ್ಘಾಟನಾ ಮ್ಯಾಚಿನ ಕಸವನ್ನೂ ಆರಿಸಿದರು. ಹತ್ತು ನಿಮಿಷದ ಕೆಲಸ.

ಎದುರಾಳಿಯ ಅಭಿಮಾನಿಗಳು ನಮ್ಮೂರಿಗೆ ಬಂದಾಗಲೂ ಇದೆಲ್ಲ ನೆನಪಿರಲಿ. 2015ರ ಮೇ 31ರಂದು ಐ-ಲೀಗ್ ನಿರ್ಧಾರವಾಗುವ ಆಟಕ್ಕೆ ಮೋಹನ್ ಬಾಗಾನ್ ಅಭಿಮಾನಿಗಳು ಕೋಲ್ಕತ್ತದಿಂದ ಕಂಠೀರವಕ್ಕೆ ಬಂದಿದ್ದರು. ಗೆದ್ದರೆ ಕಪ್ ನಮ್ಮದು, 1–0 ಮುಂದಿದ್ದೆವು. 87ನೇ ನಿಮಿಷದಲ್ಲಿ ಬೆಲ್ಲೊ ರಝಾಕ್ ತಲೆಯಿಂದ ಚೆಂಡು ಒಳಗೆ ಹೋಯಿತು, ಕಪ್ ಅವರದಾಯಿತು. ನಾನು ಕಣ್ಣೊರೆಸಿಕೊಳ್ಳುತ್ತಲೇ ಎದ್ದು ನಿಂತು ಅವರಿಗೆ ಚಪ್ಪಾಳೆ ತಟ್ಟಿದೆ. ಅಷ್ಟು ದೂರ ರೈಲಿನಲ್ಲಿ ಬಂದು ಆ ಮೂಲೆಯಲ್ಲಿ ತೊಂಬತ್ತು ನಿಮಿಷ ಕೂಗಿದವರಿಗೆ ಅಷ್ಟಾದರೂ ಸಲ್ಲಬೇಕಿತ್ತು. ಮುಂದಿನ ಸಲ ಗೋವಾದವರೋ ಕೇರಳದವರೋ ಬಂದು, ಆಟ ಮುಗಿದ ಮೇಲೆ ಮೆಜೆಸ್ಟಿಕ್‌ಗೆ ಹೇಗೆ ಹೋಗುವುದು ಎಂದು ಕೇಳಿದರೆ ಬೆರಳು ತೋರಿಸಿ ಸುಮ್ಮನಾಗಬೇಡಿ, ಕಬ್ಬನ್ ಪಾರ್ಕ್ ಮೆಟ್ರೊ ತನಕ ಜೊತೆಗೆ ನಡೆದು ಬಿಟ್ಟು ಬನ್ನಿ.